ಚಾಪೆಯ ಮೇಲೆ ಎಂಬತ್ತೆರಡು

ನನ್ನ ಗಂಡ ನಿಜಗುಣ ಸುಳ್ಳು ಹೇಳುವವರಲ್ಲ. ಆದರೆ ನಿಜವನ್ನು ಅರ್ಧಕ್ಕೆ ನಿಲ್ಲಿಸುವುದು ಚೆನ್ನಾಗಿ ಗೊತ್ತು. ಊರು ಗೋಕಾಕ, ಈಗ ಕೆನಡಾದ ಎಟೋಬಿಕೋಕ್. ಹನ್ನೆರಡು ವರ್ಷದಿಂದ ರಸ್ತೆಗೆ ಡಾಂಬರು ಹಾಕುವ ಕೆಲಸ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ವಾರಕ್ಕೆ ಆರು ದಿನ ದುಡಿತ, ಏಳನೆಯ ದಿನ ಬರೀ ನಿದ್ದೆ. ಹಿಮ ಬಿತ್ತೋ ಲೇಆಫ್, ಮತ್ತೆ ಏಪ್ರಿಲ್‌ವರೆಗೆ ಕೆಲಸವಿಲ್ಲ. ಆಮೇಲೆ ಇಡೀ ದಿನ ಅಡುಗೆಮನೆಯಲ್ಲಿ ನನ್ನ ಕಾಲಿಗೆ ಅಡ್ಡ ಸಿಗುವುದೇ ಅವರ ಉದ್ಯೋಗ.

ಆ ಕಾಟ ತಾಳದೆ ನಾನೇ ಅವರನ್ನು ಪ್ರಮೋದನ ಹತ್ತಿರ ಅಟ್ಟಿದೆ. ಮೈಸೂರಿನ ಈ ಹುಡುಗ ಪಕ್ಕದ ವುಡ್‌ಬ್ರಿಡ್ಜಿನ ಗೋದಾಮುಗಳ ಸಾಲಿನಲ್ಲಿ ಗಾಲ್ಫ್ ಮಷೀನು ಇಟ್ಟಿದ್ದಾನೆ. ಗೋಡೆಯಗಲ ಪರದೆ, ಅದರ ಮುಂದೆ ಹಸಿರು ಚಾಪೆ. ಚಾಪೆಯ ಮೇಲೆ ನಿಂತು ಹೊಡೆದರೆ ಚೆಂಡು ಪರದೆಯೊಳಗೆ ಸ್ಪೇನು, ಪೋರ್ಚುಗಲ್ಲು ಎಲ್ಲ ಸುತ್ತುತ್ತದೆ. ಬಾಗಿಲ ಮುಂದಿನ ಹಿಮ ಎತ್ತಿಕೊಟ್ಟರೆ ಬೆಳಗಿನ ಆಟ ಪುಕ್ಕಟೆ. ಐದು ಚಳಿಗಾಲ ಇವರು ಆಡಿದ್ದು ಒಂದೇ ಕೋರ್ಸು, ಅಂದರೆ ಒಂದೇ ಮೈದಾನ. ಪೋರ್ಚುಗಲ್ಲಿನ ದಕ್ಷಿಣ ಕರಾವಳಿಯದು, ದೊಡ್ಡ ದೊಡ್ಡ ಚಾಂಪಿಯನ್‌ಶಿಪ್ ನಡೆಯುವ ಜಾಗವಂತೆ. ಈ ಆಟದಲ್ಲಿ ಹೊಡೆತ ಕಡಿಮೆಯಾದಷ್ಟೂ ಮರ್ಯಾದೆ ಜಾಸ್ತಿ. ಎಂಬತ್ತೆರಡು ಹೊಡೆತಕ್ಕೆ ಹದಿನೆಂಟು ಕುಳಿ ಮುಗಿಸಿದ ದಿನ ನನ್ನ ಕೈಯಲ್ಲಿ ಹೋಳಿಗೆ ಮಾಡಿಸಿಕೊಂಡು ತಿಂದರು.

ಇವರ ಬಾಸ್ ಫರ್ನಾಂಡೊ ಪೋರ್ಚುಗಲ್ಲಿನವರು. ಪ್ರತಿ ಮಾರ್ಚಿನಲ್ಲಿ ಊರಿಗೆ ಹೋಗಿ, ಅದೇ ಕೋರ್ಸಿನಲ್ಲಿ, ಭಾವಮೈದ ಆರ್ಮಾಂಡೊನ ಜೋಡಿಯ ಎದುರು ಆಡಿ, ಏಳು ವರ್ಷದಿಂದ ಸೋತು ಬರುತ್ತಿದ್ದರು. ಈ ಸಲ ಅವರ ಜೊತೆಗಾರನ ಮೊಣಕಾಲು ಕೈಕೊಟ್ಟಿತು.

"ನೀನು ಗಾಲ್ಫ್ ಆಡ್ತೀಯಂತೆ?" ಎಂದು ಕೇಳಿದರು ಬಾಸ್.

"ಎಂಬತ್ತೆರಡು" ಎಂದರು ಇವರು. ಎಲ್ಲಿ ಎಂದು ಬಾಸ್ ಕೇಳಲಿಲ್ಲ, ಇವರೂ ಹೇಳಲಿಲ್ಲ. ಏಳನೇ ಕುಳಿಯ ಎಡಕ್ಕೆ ಸಮುದ್ರ, ಹನ್ನೊಂದರ ಮುಂದೆ ಮರಳುಗುಂಡಿ ಎಂದು ಗೋಕಾಕದ ಓಣಿ ತೋರಿಸಿದಂತೆ ಹೇಳಿದ್ದೇ ತಡ, ಬಾಸ್ ನಮ್ಮಿಬ್ಬರಿಗೂ ಟಿಕೆಟ್ ತೆಗೆಸಿಬಿಟ್ಟರು.

"ರೀ, ನೀವು ಒಂದ್ ಸಲಾನೂ ಹುಲ್ಲಿನ ಮ್ಯಾಗ ಆಡಿಲ್ಲ. ಖರೇ ಹೇಳಿಬಿಡ್ರಿ" ಎಂದೆ.

"ಚಾಪೀನೂ ಹಸರs, ಹುಲ್ಲೂ ಹಸರs. ನೀ ಸುಮ್ನಿರು."

ನನಗೆ ದಿಗಿಲು. ಗುಟ್ಟು ರಟ್ಟಾದರೆ ಬಾಸ್ ಮುಂದೆ ತಲೆ ಎತ್ತುವ ಹಾಗಿಲ್ಲ, ಏಪ್ರಿಲ್‌ನಿಂದ ಜೊತೆಯವರೆಲ್ಲ ಆಡಿಕೊಂಡು ನಗುತ್ತಾರೆ.

ಪೋರ್ಚುಗಲ್ಲಿನ ಆ ಕೋರ್ಸಿನಲ್ಲಿ ಪುಟ್ಟ ಬ್ಯಾಟರಿ ಗಾಡಿ ಓಡಿಸುವ ಕೆಲಸ ನನ್ನದಾಯಿತು. ಮೊದಲ ಹೊಡೆತಕ್ಕೆ ಚೆಂಡನ್ನು ಕಡ್ಡಿಯ ಮೇಲೆ ಇಡುತ್ತಾರೆ, ಹಾಗಾಗಿ ಇವರದು ಹೇಗೋ ಪಾರಾಯಿತು. ಎರಡನೆಯದಕ್ಕೆ ಚೆಂಡಿಗಿಂತ ಹುಲ್ಲಿನ ಹೆಂಟೆಯೇ ದೂರ ಹೋಯಿತು. ಚಾಪೆಯ ಮೇಲಾದರೆ ಕೋಲು ಹಿಂದೆ ತಗುಲಿದರೂ ಜಾರಿಕೊಂಡು ಚೆಂಡಿಗೆ ಬಡಿಯುತ್ತದೆ. ಮಣ್ಣು ಅಷ್ಟು ಧಾರಾಳಿಯಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು, ಅಯ್ಯೋ ಶಿವನೇ, ಗಾಳಿ ಬೇರೆ!

"ವಿಮಾನದಾಗ ಸೊಂಟ ಹಿಡದೈತಿ" ಎಂದರು ನನಗೆ. ಬಾಸ್‌ಗೂ ಅದನ್ನೇ ಹೇಳಿದರು.

ಬಾಸ್ ನಂಬಿದರು, ಪಾಪ. ಜೋಡಿಯಲ್ಲಿ ಯಾರ ಆಟ ಚೆನ್ನಾಗಿದೆಯೋ ಅದೇ ಲೆಕ್ಕವಾದ್ದರಿಂದ ಹದಿನೇಳು ಕುಳಿ ಒಬ್ಬರೇ ಏಗಿ ಆಟವನ್ನು ಸಮಸಮ ತಂದು ನಿಲ್ಲಿಸಿದರು. ಹದಿನೆಂಟರಲ್ಲಿ ಮಾತ್ರ ಅವರ ಚೆಂಡು ಕೆರೆಗೆ ಬಿತ್ತು, ಬೆನ್ನಿಗೇ ಇನ್ನೊಂದೂ ಬಿತ್ತು. ಇನ್ನು ಎಲ್ಲ ನಮ್ಮವರ ಮೇಲೆ. ಇವರ ಚೆಂಡೋ, ನನ್ನ ಗಾಡಿಯ ಮುಂದೆ, ಡಾಂಬರು ದಾರಿಯ ನಟ್ಟನಡುವೆ ಕೂತಿತ್ತು.

"ಎತ್ತಿ ಹುಲ್ಲಿನ ಮೇಲೆ ಹಾಕಿಕೊಳ್ಳಿ, ದಂಡ ಇಲ್ಲ" ಎಂದ ಆರ್ಮಾಂಡೊ, ದೊಡ್ಡ ಮನಸ್ಸು ಮಾಡಿ.

ಇವರು ಹುಲ್ಲು ನೋಡಿದರು. ಬಗ್ಗಿ ಡಾಂಬರಿನ ಮೇಲೆ ಅಂಗೈ ಸವರಿದರು. "ಇಲ್ಲೇ ಹೊಡೀತೀನಿ" ಎಂದರು. ಆರ್ಮಾಂಡೊ ನಕ್ಕ. ನಾನು ಗಾಡಿಯನ್ನು ಹಿಂದಕ್ಕೆ ತೆಗೆದೆ.

ಟಪ್! ಚೆಂಡು ಕೆರೆಯ ಮೇಲಿಂದ ಹಾರಿ, ಕುಳಿಯ ಧ್ವಜದಿಂದ ನಾಲ್ಕಡಿಗೆ ಬಂದು ನಿಂತಿತು. ಬಾಸ್ ಇವರನ್ನು ಅನಾಮತ್ತಾಗಿ ಎತ್ತಿಕೊಂಡುಬಿಟ್ಟರು. ಇನ್ನು ಆ ನಾಲ್ಕಡಿ ತಳ್ಳಿದರೆ ಸಾಕು, ಸೋಲು ತಪ್ಪುತ್ತದೆ.

ನಮ್ಮವರು ಕುಣಿಯುತ್ತ ಹೋಗಿ, ಬಗ್ಗಿ, ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ಹಾಕಿಕೊಂಡು, ಅಂಕ ಎಲ್ಲಿ ಮೂಡುತ್ತದೆ ಎಂದು ಆಕಾಶ ನೋಡುತ್ತ ನಿಂತರು.

ಆಮೇಲೆ ಆರ್ಮಾಂಡೊ ಮೆಲ್ಲಗೆ ಹೇಳಿದ: ಚೆಂಡಿದ್ದ ಜಾಗಕ್ಕೆ ಗುರುತಿಡದೆ ಎತ್ತಿದ್ದಕ್ಕೆ ಒಂದು ಹೊಡೆತ ದಂಡ. ಆ ಒಂದರಿಂದ ನೀವು ಸೋತಿರಿ, ಆಟ ಮುಗಿಯಿತು.

"ಯಾಕೆ ಎತ್ತಿದೆ?" ಎಂದು ಕೇಳಿದರು ಬಾಸ್.

"ವುಡ್‌ಬ್ರಿಡ್ಜಲ್ಲಿ ಆರಡಿ ಒಳಗೆ ಬಂದರೆ ಕುಳಿಗೆ ಬಿತ್ತು ಅಂತ ಮಷೀನೇ ಅಂಕ ಕೊಟ್ಟುಬಿಡ್ತದೆ, ಬಾಸ್" ಎಂದರು ಇವರು, ತಮ್ಮ ಇಂಗ್ಲಿಷಿನಲ್ಲಿ. "ನಾನು ಹುಲ್ಲಿನ ಮೇಲೆ ಆಡಿದ್ದು ಇವತ್ತೇ ಮೊದಲು."

ನಾನು ಗಾಡಿಯಲ್ಲಿ ಕಣ್ಣು ಮುಚ್ಚಿಕೊಂಡೆ. ಕೇಳಿಸಿದ್ದು ನಗು. ಕಣ್ಣು ಬಿಟ್ಟರೆ ಬಾಸ್ ಹುಲ್ಲಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಒರೆಸುತ್ತಿದ್ದರು.

"ಹನ್ನೆರಡು ವರ್ಷ ಕೆನಡಾದಲ್ಲಿದ್ದೀಯ! ಒಂದು ದಿನವೂ ಹುಲ್ಲಿನ ಮೇಲೆ ಆಡಿಲ್ಲವಾ? ಯಾಕೋ ಮಾರಾಯ?"

"ಹುಲ್ಲು ಇರೋದು ಸಮ್ಮರಲ್ಲಿ, ಬಾಸ್. ಸಮ್ಮರಲ್ಲಿ ನೀವು ರಜಾ ಕೊಡಲ್ಲ."

ಬಾಸ್ ನಗು ನಿಂತಿತು. ಟೋಪಿ ತೆಗೆದರು, ತಲೆ ಕೆರೆದುಕೊಂಡರು. ಆರ್ಮಾಂಡೊ ಅವರ ಮುಖವನ್ನೇ ನೋಡುತ್ತಿದ್ದ.

"ಜುಲೈನಲ್ಲಿ ಒಂದು ಶನಿವಾರ" ಎಂದರು ಕೊನೆಗೆ. "ಸಂಬಳ ಸಹಿತ."

ನಮ್ಮವರು ಆಗಲೇ ಹಲ್ಲು ಕಿರಿದು ತಲೆಯಾಡಿಸಲು ಹೊರಟಿದ್ದರು. ನಾನು ಗಾಡಿಯಿಂದಲೇ ಕೂಗಿದೆ: "ಏ, ಒಂದಕ್ಕ ಒಪ್ಪಿಗೊಂಡೀರಿ ಮತ್ತ! ನಾಕು ಕೇಳ್ರಿ!"