ಒಂದೇ ಕಣ್ಣಿನ ನೀರು

ಆನೇಮಹಲ್‌ನ ವಿಶಾಲಮ್ಮ ಅಳದ ಹೆಂಗಸು ಎಂದೇ ಹೆಸರಾದವರು. ಗಂಡನ ಹೆಣ ಅಂಗಳದಲ್ಲಿದ್ದಾಗಲೂ ಬಂದವರಿಗೆ ಕಾಫಿ ಕಾಸಲು ಒಳಗೆ ಹೋಗಿದ್ದರಂತೆ. ಊರವರು ಕಲ್ಲೆದೆ ಎಂದರು. ಅಳು ತನ್ನೊಳಗೆ ಎಲ್ಲಿ ಸಿಕ್ಕಿಕೊಂಡಿದೆಯೋ ತನಗೇ ತಿಳಿಯದು ಎಂದು ಸೊಸೆ ಶೃತಿಯ ಹತ್ತಿರ ಮಾತ್ರ ಒಮ್ಮೆ ಹೇಳಿಕೊಂಡಿದ್ದರು.

ಅವರ ಎಡಗಣ್ಣು ಮೊದಲಿನಿಂದಲೂ ಮಂಜು. ಬಲಗಣ್ಣಿಗೂ ಪೊರೆ ಬಂದು ಹಾಸನದಲ್ಲಿ ಆಪರೇಷನ್ ಆಯಿತು. ಹೊಲಿಗೆ ಹಾಕಿಲ್ಲ, ಗಾಯ ತಾನೇ ಕೂಡಿಕೊಳ್ಳುತ್ತದೆ, ಅಲ್ಲಿಯವರೆಗೆ ಬಗ್ಗಬಾರದು, ತಲೆಗೆ ನೀರು ಹಾಕಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ವಿಶಾಲಮ್ಮನ ಕಿವಿಗೆ ಬಿದ್ದದ್ದು ಮೊದಲಿನ ಮಾತು ಮಾತ್ರ. ಹೊಲಿಗೆಯೇ ಇಲ್ಲ ಅಂದಮೇಲೆ ಗಾಯ ಎಂಥದ್ದು ಎಂದು ನಕ್ಕರು. ಪಟ್ಟಿ ಬಿಚ್ಚಿದ ದಿನ ಮೊಮ್ಮಗಳ ಮುಖವನ್ನು ಬೆಳಕಿಗೆ ಹಿಡಿದು, ಹುಬ್ಬಿನ ಪಕ್ಕದ ಸಣ್ಣ ಮಚ್ಚೆಯನ್ನು ಮೊದಲ ಸಲ ಕಂಡರು.

ಆ ವಾರವೇ ಆಲೂರಿನಿಂದ ಸುದ್ದಿ ಬಂತು: ಅವರು ಎತ್ತಿ ಆಡಿಸಿದ ತಮ್ಮ ಚಂದ್ರಶೇಖರ ಇನ್ನಿಲ್ಲ. ಸಾವಿನ ಮನೆಯಲ್ಲಿ ಶೃತಿ ಅತ್ತೆಯ ಕೈ ಹಿಡಿದುಕೊಂಡೇ ಇದ್ದಳು. ಆದರೂ ಬಿಡಿಸಿಕೊಂಡು ಹೋಗಿ, ತಮ್ಮನ ಎದೆಯ ಮೇಲೆ ಹಣೆಯಿಟ್ಟು ಬಹಳ ಹೊತ್ತು ಬಗ್ಗಿಯೇ ಇದ್ದರು. ಎದ್ದಾಗ ಕಪ್ಪು ಕನ್ನಡಕದ ಕೆಳಗಿಂದ ನೀರು ಇಳಿಯುತ್ತಿತ್ತು.

“ಅಂತೂ ಕಲ್ಲು ಕರಗ್ತು ಕಣೆ,” ಎಂದು ನೆಂಟಳೊಬ್ಬಳು ಪಕ್ಕದವಳಿಗೆ ಹೇಳಿದ್ದು ವಿಶಾಲಮ್ಮನಿಗೂ ಕೇಳಿಸಿತು. ಅವರು ಒರೆಸಿಕೊಳ್ಳಲಿಲ್ಲ.

ಮನೆಗೆ ಬಂದವರೇ ಬಚ್ಚಲಿಗೆ ನಡೆದರು. ಮೈಗಷ್ಟೇ ನೀರು ಹಾಕಿಕೊಳ್ಳಿ ಅತ್ತೆ ಎಂದು ಶೃತಿ ಬಾಗಿಲಿಗೆ ಅಡ್ಡ ನಿಂತು ಬೇಡಿಕೊಂಡಳು.

“ಸಾವಿನ ಮನೆಯಿಂದ ಬಂದು ತಲೆ ಮೇಲೆ ನೀರು ಹಾಕ್ಕಳ್ದೆ ಮಗೀನ ಹೆಂಗೆ ಮುಟ್ಲಿ? ಸರಿ ಅತ್ಲಾಗೆ,” ಎಂದು ಅವಳನ್ನು ಪಕ್ಕಕ್ಕೆ ಸರಿಸಿ ತಲೆಗೆ ನೀರು ಸುರಿದುಕೊಂಡರು.

ಮರುದಿನ ಬೆಳಿಗ್ಗೆ ಮಗು ಅಜ್ಜಿಯ ಕೆನ್ನೆ ತಟ್ಟುತ್ತಿತ್ತು. ಒಂದು ಕೆನ್ನೆ ಒದ್ದೆ, ಇನ್ನೊಂದು ಒಣಗಿತ್ತು. ಶೃತಿ ಹತ್ತಿರ ಬಂದು ನೋಡಿದಳು. ಒಂದೇ ಕಣ್ಣಲ್ಲಿ ಅಳುವವರು ಯಾರು? ಕನ್ನಡಕ ತೆಗೆಸಿದರೆ ಬಲಗಣ್ಣು ಕೆಂಡ. ನೋವಿದೆಯಾ ಎಂದು ಕೇಳಿದ್ದಕ್ಕೆ, ಅತ್ತ ಕಣ್ಣು ಉರಿಯದೆ ಇರುತ್ತದಾ ಎಂದರು. ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಅತ್ತೆಯನ್ನು ಹಾಸನದ ಬಸ್ಸು ಹತ್ತಿಸಿದಳು.

ಡಾಕ್ಟರು ಕಣ್ಣಿಗೆ ಹಳದಿ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರು. ಬಣ್ಣವನ್ನು ತೊಳೆಯುತ್ತ ಗಾಯದ ಬಾಯಿಂದ ನೀರಿನ ಸಣ್ಣ ಎಳೆಯೊಂದು ಇಳಿಯುತ್ತಿತ್ತು. ಇದು ಕಣ್ಣೀರಲ್ಲ, ಕಣ್ಣೊಳಗಿನ ನೀರೇ ಸೋರುತ್ತಿದೆ ಎಂದರು. ಅಂದೇ ಹೊಲಿಗೆ ಬಿತ್ತು, ಒಳಗೆ ಔಷಧಿ ಚುಚ್ಚಿದರು. ಸೋರುವುದು ನಿಂತಿತು. ಅದೇ ದಾರಿಯಲ್ಲಿ ಒಳಹೊಕ್ಕ ಸೋಂಕು ಮಾತ್ರ ಬಿಡಲಿಲ್ಲ. ಈಗ ಆ ಕಣ್ಣಿಗೆ ಕಿಟಕಿ ಎಲ್ಲಿದೆ ಎಂಬುದಷ್ಟೇ ತಿಳಿಯುತ್ತದೆ. ಮಚ್ಚೆ ಕಾಣದು.

ಕಣ್ಣು ಹೋಯಿತೆಂದು ವಿಶಾಲಮ್ಮ ಯಾರನ್ನೂ ದೂರಲಿಲ್ಲ. ಒಂದು ಮಧ್ಯಾಹ್ನ, ಔಷಧಿಗೆಂದು ತಲೆ ಹಿಂದಕ್ಕೊರಗಿಸಿ ಕೂತಾಗ ಕೇಳಿದರು.

“ಹಂಗಾರೆ ಅವತ್ತು ನಾನು ಅತ್ತಿದ್ದಲ್ವಾ ಶೃತಿ? ನಮ್ಮ ಚಂದ್ರಂಗೆ ಒಂದು ಹನಿನೂ ಹಾಕ್ಲಿಲ್ವಾ?”

ಶೃತಿ ಕಣ್ಣಿಗೆ ಔಷಧಿ ಬಿಟ್ಟಳು. ಹೆಚ್ಚಾದ ಹನಿ ಕೆನ್ನೆಗಿಳಿಯಿತು. ಹತ್ತಿ ಹಿಡಿದ ಅವಳ ಕೈಯನ್ನು ವಿಶಾಲಮ್ಮ ಮೆಲ್ಲಗೆ ತಡೆದರು.

“ಇರ್ಲಿ ಬುಡು,” ಅಂದರು.