ಅಷ್ಟಮಿಯ ಚಂದ್ರನಿಗೊಂದು ವ್ರತ

ಮಾರೇನಹಳ್ಳಿಯ ನಮ್ಮ ಬಾಡಿಗೆ ಮನೆಗೆ ಕಿಟಕಿಗಳೇನೋ ಬೇಕಾದಷ್ಟಿವೆ. ಯಾವುದರಿಂದ ಕೈ ಚಾಚಿದರೂ ಪಕ್ಕದ ಕಟ್ಟಡದ ಗೋಡೆ ಸಿಗುತ್ತದೆ. ಆಕಾಶ ಬೇಕೆಂದರೆ ತಾರಸಿಗೇ ಹೋಗಬೇಕು. ತಾರಸಿಯ ಬೀಗದ ಕೈ ಮನೆಯೊಡತಿ ಹನುಮಕ್ಕನವರ ಸೊಂಟದಲ್ಲಿ. ಎದುರಿಗೆ ಹುಡುಗರ ಪಿ.ಜಿ. ಬಂದ ದಿನವೇ ಅವರು ಬೀಗ ಜಡಿದರು. ಬಾಡಿಗೆಯವರಾದ ನಾವು ಗೊಣಗಿಕೊಂಡು ಬಾಲ್ಕನಿಯಲ್ಲೇ ಬಟ್ಟೆ ಒಣಗಿಸಿಕೊಂಡೆವು. ನಿಜವಾಗಿ ಉಸಿರು ಕಟ್ಟಿದ್ದು ಅವರ ಸೊಸೆ ಕುಸುಮಾಗೆ.

ಕುಸುಮಾಗೆ ಚಂದ್ರನ ಹುಚ್ಚು. ಕೆಂಗೇರಿಯ ತವರಿನಲ್ಲಿ ಅಣ್ಣನ ದುರ್ಬೀನು ಹಿಡಿದು ದಿನವೂ ಮಾಳಿಗೆ ಹತ್ತುತ್ತಿದ್ದವಳು. ಮದುವೆಯಾದಾಗ ಅಣ್ಣ ಅದನ್ನು ಅವಳಿಗೇ ಕೊಟ್ಟುಬಿಟ್ಟ. ಗಂಡ ಮಧುಕುಮಾರ್ ಹಾರ್ಡ್‌ವೇರ್ ಅಂಗಡಿಯವರು, ಒಳ್ಳೆಯವರು. ಒಳ್ಳೆಯವರೆಂದರೆ, ಅಮ್ಮ ಹೇಳಿದ್ದಕ್ಕೆಲ್ಲ ತಲೆ ಆಡಿಸುವವರು.

ಸಂಕಷ್ಟಿಯ ದಿನ ಮಾತ್ರ ಬೀಗ ತೆರೆಯುತ್ತಿತ್ತು. ಚಂದ್ರನನ್ನು ನೋಡದೆ ಉಪವಾಸ ಬಿಡುವಂತಿಲ್ಲವಲ್ಲ! ಆದರೆ ಸಂಕಷ್ಟಿ ಎಂದರೆ ಪ್ರತಿ ತಿಂಗಳೂ ಹುಣ್ಣಿಮೆ ಕಳೆದ ಚೌತಿ. ಮೇಲಂಚು ಸವೆದ ಅದೇ ಚಂದ್ರ. ಆ ಅಂಚಿನಲ್ಲಿ ಕತ್ತಲಿಗೆ ಜಾರುತ್ತಿರುವ ಅದೇ ದುಂಡನೆಯ ಕಪ್ಪು ಬಯಲು.

“ಬೆಳಕು ಕತ್ತಲು ಸೇರೋ ಗೆರೆ ಇರ್ತದಲ್ಲಕ್ಕಾ, ಅಲ್ಲೇ ಗುಂಡಿ, ಬೆಟ್ಟ ಎಲ್ಲಾ ನೆರಳು ಚೆಲ್ಲಿ ಎದ್ದು ಕಾಣೋದು,” ಎಂದು ಅವಳು ಒಮ್ಮೆ ನನಗೆ ಹೇಳಿದಳು. “ಆ ಗೆರೆ ದಿನಾ ಜರುಗ್ತದೆ. ನಂಗೆ ಸಿಕ್ಕಿರೋದು ಒಂದೇ ದಿನ. ವರ್ಷಗಟ್ಲೆ ಅದೊಂದೇ ನೋಡ್ತಾ ಇದೀನಿ.”

ಕೊನೆಗೆ ಅವಳು ಒಂದು ವ್ರತವನ್ನೇ ಹುಟ್ಟಿಸಿದಳು. ಶುಕ್ಲ ಅಷ್ಟಮಿಯಂದು ಹಗಲೆಲ್ಲ ಉಪವಾಸ, ಮುಸ್ಸಂಜೆಗೆ ಚಂದ್ರದರ್ಶನ. ತವರಿನ ಕಡೆಯ ಪದ್ಧತಿ ಎಂದಳು. ದೇವರ ವಿಷಯಕ್ಕೆ ಹನುಮಕ್ಕ ಎಂದೂ ಅಡ್ಡ ಬಂದವರಲ್ಲ. ಬೀಗದ ಕೈ ಕೊಟ್ಟರು, ಜೊತೆಗೆ ನನ್ನನ್ನೂ ಕಾವಲಿಗೆ ಕಳಿಸಿದರು. ದಾವಣಗೆರೆ ಕಡೆಯ ಲಿಂಗವಂತರ ಮನೆಯವಳು ನಾನು, ಇಂಥ ವ್ರತಗಳ ಗೊಡವೆಯೇ ಇಲ್ಲದವಳು. ಇಲ್ಲದ ವ್ರತಕ್ಕೆ ಸಾಕ್ಷಿಯಾಗಬೇಕಾಯಿತಲ್ಲ ಎಂದು ನಗು ಬಂತು.

ಆ ಸಂಜೆ ಚಂದ್ರ ನೆತ್ತಿಯ ಮೇಲೆ ಸರಿಯಾಗಿ ಅರ್ಧ ಇದ್ದ. ಕುಸುಮಾ ಬಹಳ ಹೊತ್ತು ದುರ್ಬೀನು ಇಳಿಸಲಿಲ್ಲ. ಆಮೇಲೆ ನನಗೆ ಕೊಟ್ಟಳು. ಬಿಸಿ ಮುದ್ದೆಗೆ ಬೆರಳೂರಿದ ಹಾಗೆ ಗೆರೆಯುದ್ದಕ್ಕೂ ಗುಂಡಿಗಳು, ನಡುವೆ ಮೂರು ಒಂದರ ಕೆಳಗೊಂದು ಸಾಲಾಗಿ. ಗೆರೆಯಾಚೆ ಕತ್ತಲಲ್ಲಿ ಬೆಟ್ಟದ ತುದಿಗಳು ಮಾತ್ರ ಹೊಳೆಯುತ್ತಿದ್ದವು. ನಾನು ತಿರುಗಿದಾಗ ಅವಳು ಅಳುತ್ತಿದ್ದಳು. ನನ್ನ ನಗು ಅಲ್ಲಿಗೆ ನಿಂತಿತು.

ಹೀಗೆ ಹಲವು ಅಷ್ಟಮಿಗಳು ನಡೆದವು. ಸುಳ್ಳು ವ್ರತಕ್ಕೂ ಹೊಟ್ಟೆ ನಿಜವಾಗಿಯೇ ಹಸಿಯಬೇಕು. ಅತ್ತೆಯ ಕಣ್ಣು ತಪ್ಪಿಸಿ ಆ ಮನೆಯಲ್ಲಿ ಒಂದು ಬಾಳೆಹಣ್ಣೂ ತಿನ್ನುವ ಹಾಗಿಲ್ಲ. ಕುಸುಮಾ ಸೊರಗಿದಳು. ಆದರೂ ಪಂಚಮಿಗೊಂದು, ದಶಮಿಗೊಂದು ವ್ರತ ಸೇರಿಸುವ ಲೆಕ್ಕಾಚಾರದಲ್ಲಿದ್ದಳು. ಹಿಡಿದ ವ್ರತಕ್ಕೆಲ್ಲ ಉದ್ಯಾಪನೆ ಎಂಬುದೊಂದಿದೆ, ಪೂಜೆ ಮಾಡಿ ದಾನ ಕೊಟ್ಟು ಮುಗಿಸಿಬಿಟ್ಟರೆ ಮತ್ತೆ ಆಚರಿಸಬೇಕಿಲ್ಲ ಎಂಬುದು ಈ ಜಾಣೆಗೆ ಹೊಳೆದೇ ಇರಲಿಲ್ಲ.

ಹನುಮಕ್ಕನವರಿಗೆ ಹೊಳೆಯಿತು. “ಕಡ್ಡಿ ಆಗೋಗಿದೀಯ ಕಣವ್ವ. ಪುರೋಹಿತರನ್ನ ಕೇಳ್ದೆ. ಈ ಅಷ್ಟಮಿಗೆ ಉದ್ಯಾಪನೆ ಮಾಡ್ಬಿಡಣ,” ಎಂದರು.

ಬೇಡವೆನ್ನಲು ಕುಸುಮಾಗೆ ಕಾರಣವೇ ಸಿಗಲಿಲ್ಲ. ಸೊಸೆಗೆ ರೇಷ್ಮೆ ಸೀರೆ ಬಂತು, ಮುತ್ತೈದೆಯರಿಗೆ ಬಾಗಿನ ಬಂತು. ಸಂಜೆ ತಾರಸಿಯ ತುಂಬ ಹೆಂಗಸರು. ಎಲ್ಲರೂ ಚಂದ್ರನಿಗೆ ಕೈ ಮುಗಿದು ಕುಂಕುಮ ತೆಗೆದುಕೊಂಡು ಇಳಿದ ಮೇಲೆ ನಾವು ಮೂವರು ಉಳಿದೆವು. ಕುಸುಮಾ ದುರ್ಬೀನನ್ನು ಅತ್ತೆಗೆ ಕೊಟ್ಟಳು.

ಹನುಮಕ್ಕ ನೋಡಿಯೇ ನೋಡಿದರು. “ಅಯ್ಯೋ, ಮೈಯೆಲ್ಲಾ ಗಾಯ ಆಗದಲ್ಲೇ! ಪಾಪ.”

“ನಾಡಿದ್ದು ಆ ಕತ್ತಲು ಕಡೆ ಇನ್ನೂ ಚೆಂದದ ಗುಂಡಿ ಕಾಣ್ತದೆ ಅತ್ತೆ. ಕೋಪರ್ನಿಕಸ್ ಅಂತ. ಮದುವೆ ಆದ್ಮೇಲೆ ನಾನದನ್ನ ನೋಡೇ ಇಲ್ಲ.” ಅವಳು ಅತ್ತೆಯ ಸೊಂಟದ ಕಡೆ ನೋಡಿದಳು. “ಬೀಗದ ಕೈ ಕೊಡ್ತೀರಾ?”

“ವ್ರತ ಮುಗೀತಲ್ಲವ್ವ?”

“ವ್ರತಕ್ಕಲ್ಲ. ಸುಮ್ನೆ ನೋಡಕ್ಕೆ.”

ಹನುಮಕ್ಕನವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನಾನಾದರೂ ಜಗಳಕ್ಕೆ ನಿಲ್ಲುತ್ತಿದ್ದೆ. ಅವರಿಗೆ ಅರ್ಥವೇ ಆಗಲಿಲ್ಲ.

“ಸುಮ್ಸುಮ್ನೆ ಯಾರಾದ್ರೂ ಟೆರೇಸಿಗೆ ಬರ್ತಾರೇನೇ?” ಎಂದು ನಕ್ಕು ಸೊಸೆಯ ಕೆನ್ನೆ ಸವರಿದರು. ನಮ್ಮಿಬ್ಬರನ್ನೂ ಮುಂದೆ ಬಿಟ್ಟುಕೊಂಡು ತಾವೇ ಬೀಗ ಹಾಕಿದರು.

ಕೆಳಗೆ ಎಲೆ ಹಾಕಿತ್ತು. ಹನುಮಕ್ಕ ಸೊಸೆಯನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿ, ಹೋಳಿಗೆಯ ಮೇಲೆ ತುಪ್ಪವನ್ನು ತಮ್ಮ ಕೈಯಾರೆ ಸುರಿದರು.

“ಹೊಟ್ಟೆ ತುಂಬಾ ತಿನ್ನು ಮಗ. ಇನ್ಮೇಲೆ ನೀನು ಹಸ್ಕೊಂಡಿರ್ಬೇಕಾಗಿಲ್ಲ.”

ಕುಸುಮಾ ತಲೆ ತಗ್ಗಿಸಿ ತಿಂದಳು.