ಉಪ್ಪಿನ ಅಂದಾಜು ಸಿಗದ ದ್ಯಾಮವ್ವ

ಬೆಳಕು ಹರಿಯುವಷ್ಟರಲ್ಲಿ ದ್ಯಾಮವ್ವ ಮೂವತ್ತು ಕೊಡ ನೀರು ಹೊತ್ತು ತುಂಬಿಸಿದ್ದಾರೆ. ಈಗ ಗೋಧಿ ನುಚ್ಚಿನ ಕಲ್ಲು ಆರಿಸುತ್ತಿದ್ದಾರೆ. ದಾವಣಗೆರೆ ಮಂಡಿಪೇಟೆಯ ಹಿಂದಿನ ಈ ಶಾಲೆಯಲ್ಲಿ ನೂರಾ ಹತ್ತು ಮಕ್ಕಳಿಗೆ ಮಧ್ಯಾಹ್ನದ ಉಪ್ಪಿಟ್ಟು ಇವರೊಬ್ಬರ ಕೈಯಲ್ಲೇ ಆಗಬೇಕು. ಸಂಬಳ ತಿಂಗಳಿಗೆ ಹದಿನೆಂಟು ರೂಪಾಯಿ. ಗಂಡ ತೀರಿಕೊಂಡ ಮೇಲೆ ಹದಡಿಯಿಂದ ಬಂದವರು. ಈ ಪತ್ರಿಕೆ ದಾವಣಗೆರೆಗೆ ಬರುವುದಿಲ್ಲ, ಆ ಧೈರ್ಯದ ಮೇಲೆ ನಿಜ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬದಲಿಸಿದ್ದೇನೆ.

ಮಧ್ಯಾಹ್ನ ಗಂಟೆ ಹೊಡೆದೊಡನೆ ಶಾಲೆ ಎರಡು ಹೋಳಾಗುತ್ತದೆ. ಸಾಹುಕಾರರ ಮಕ್ಕಳು ಬೇವಿನ ಮರದ ಕೆಳಗೆ ಕ್ಯಾರಿಯರ್ ಬಿಚ್ಚುತ್ತಾರೆ. ಹಮಾಲರ, ಗಿರಣಿ ಕೂಲಿಗಳ ಮಕ್ಕಳು ತಟ್ಟೆ ಹಿಡಿದು ಸಾಲು ನಿಲ್ಲುತ್ತಾರೆ. ನನ್ನ ಮಗಳು ಮರದ ಕೆಳಗಿನವಳು.

ಮೂರು ವರ್ಷದ ಹಿಂದೆ ಒಬ್ಬ ಹುಡುಗಿ ಎರಡೂ ಕಡೆ ಇರಲಿಲ್ಲ. ಅಪ್ಪನ ಗಿರಣಿ ಕೆಲಸ ಹೋಗಿತ್ತು. ಮೊದಲು ಮರದ ಕೆಳಗೆ ಉಣ್ಣುತ್ತಿದ್ದವಳಿಗೆ ಸಾಲಿನಲ್ಲಿ ನಿಲ್ಲಲು ನಾಚಿಕೆ. ದ್ಯಾಮವ್ವ ದಿನಾ ಗದರಿದಂತೆ ಕೂಗುತ್ತಿದ್ದರು: "ಏ ತಂಗಿ, ಉಪ್ಪು ಹೆಂಗೈತೆ ನೋಡು ಬಾ. ನನ್ ನಾಲಿಗೆ ಕೆಟ್ಟೈತೆ." ಹುಡುಗಿ ಒಳಗೆ ಹೋಗಿ ತಟ್ಟೆ ತುಂಬ ಉಪ್ಪು ನೋಡಿ ಬರುತ್ತಿದ್ದಳು.

ಇದು ತಿಳಿಯದ ನಾನು ಊರಿನ ಪತ್ರಿಕೆಯ ಲೇಖನಕ್ಕೆಂದು ಹೋದವನು ಅಡುಗೆಕೋಣೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಆ ಹುಡುಗಿಯನ್ನು ಕೇಳಿದೆ: "ಏನಮ್ಮ, ನಿಮ್ಮ ಮನೇಲಿ ಊಟಕ್ಕಿಲ್ವಾ?" ಮರದ ಕೆಳಗೆ ಯಾರೋ ನಕ್ಕರು. ತಿರುಗಿ ನೋಡಿದರೆ ನನ್ನ ಮಗಳು. ಹುಡುಗಿ ತಟ್ಟೆ ಕೆಳಗಿಟ್ಟು ಹೋದವಳು ಮೂರು ದಿನ ಅತ್ತ ಸುಳಿಯಲಿಲ್ಲ. ಮಗುವಿನ ಹೊಟ್ಟೆಯ ಮೇಲೆ ಹೊಡೆದವನು ನಾನು. ಇಂದಿಗೂ ನೆನೆದರೆ ತಲೆ ತಗ್ಗುತ್ತದೆ.

ತಪ್ಪಾಯಿತು ಎನ್ನಲು ಹೋದೆ. ದ್ಯಾಮವ್ವ ಬೈಯಲಿಲ್ಲ. "ಕೂಡ್ರಿ. ಹುಡುಗ್ರು ಹಸಿವು ತಡ್ಕಂತಾವ್ರಿ, ಯಾರಾರ ನಕ್ರೆ ತಡ್ಕಣಲ್ಲ. ನಿಮ್ ಪೇಪರ್‌ನಾಗೆ ಬರೀರಿ, ಈ ಮುದುಕಿಗೆ ಉಪ್ಪಿನ ಅಂದಾಜು ಸಿಗಲ್ಲ, ಹುಡುಗ್ರು ನೋಡಿ ಹೇಳ್ದಿದ್ರೆ ಉಪ್ಪಿಟ್ಟು ಬಾಯಿಗಿಡಾಕಾಗಲ್ಲ ಅಂತ."

ಹಾಗೇ ಬರೆದೆ. ಭಾನುವಾರ ಅಚ್ಚಾಯಿತು. ಸೋಮವಾರ ಹುಡುಗಿ ತಾನಾಗಿ ಬಾಗಿಲಿಗೆ ಬಂದಳಂತೆ: "ಅಜ್ಜಿ, ಉಪ್ಪು ನೋಡ್ಲಾ?"

ಅವಳೀಗ ಏಳನೆಯದು ಪಾಸಾಗಿ ಹರಿಹರದಲ್ಲಿ ಓದುತ್ತಿದ್ದಾಳೆ. ಆದರೆ ಆ ಸುಳ್ಳು ಊರಿಡೀ ನಿಂತುಬಿಟ್ಟಿದೆ. ಮೊದಲೆಲ್ಲ ಮದುವೆಮನೆ ಅಡುಗೆಗೆ ದ್ಯಾಮವ್ವನೇ ಬೇಕಿತ್ತು. ಈಗ ಯಾರೂ ಕರೆಯುವುದಿಲ್ಲ. ಅದು ಗೊತ್ತಾಗಿ ಮೊನ್ನೆ ಓಡಿಹೋದೆ. "ಊರಿನ ಪತ್ರಿಕೆಯಲ್ಲೇ ತಿದ್ದಿ ಬರೆಯುತ್ತೇನೆ" ಎಂದೆ.

ದ್ಯಾಮವ್ವ ಕಲ್ಲು ಆರಿಸುವ ಕೈ ನಿಲ್ಲಿಸಲಿಲ್ಲ. "ಈಗ ಬ್ಯಾಡ್ರಿ. ಈ ವರ್ಷ ಉಪ್ಪು ನೋಡಾಕೆ ಇನ್ನೊಬ್ಬಾಕಿ ಬಂದಾಳೆ."